ಮೇಲ್ನೋಟದ ಚಿತ್ರವೂ ಚಲನೆಯ ಪಥವೂ

ಕನ್ನಡದಲ್ಲಿ 'ಮೇಲ್ನೋಟ' ಎಂಬ ಶಬ್ದಕ್ಕೆ ರೂಢಿಯಲ್ಲಿ ಅಷ್ಟೇನೂ ಗೌರವವಿಲ್ಲ. ವಿಷಯದ ಒಳಹೊಗದೆ, ಕಣ್ಣಿಗೆ ತೋರಿದಷ್ಟನ್ನೇ ಹಿಡಿದು ಮಾತನಾಡುವುದನ್ನು ಮೇಲ್ನೋಟದ ಮಾತು ಎನ್ನುವುದುಂಟು. ಆದರೆ ಪದವನ್ನು ಬಿಡಿಸಿ ನೋಡಿದಲ್ಲಿ 'ಮೇಲಿನಿಂದ ನೋಡುವ ನೋಟ' ಎಂಬ ಇನ್ನೊಂದು ಅರ್ಥಕ್ಕೂ ಅದರಲ್ಲಿ ಎಡೆಯಿದೆ. ಮನೆ ಕಟ್ಟಿಸುವವನ ಕೈಯಲ್ಲಿರುವ ನಕ್ಷೆ, ಗ್ರಾಮಲೆಕ್ಕಿಗನ ಬಳಿಯಿರುವ ಹೊಲದ ನಕಾಶೆ, ಶಾಲೆಯ ಗೋಡೆಯ ಮೇಲೆ ತೂಗುವ ಭೂಪಟ, ಇವೆಲ್ಲವೂ ಈ ಎರಡನೆಯ ಅರ್ಥದ ಮೇಲ್ನೋಟಗಳೇ. 'ಪಕ್ಷಿನೋಟ' ಎಂಬ ಪದವೂ ಬಳಕೆಯಲ್ಲಿದೆ. ಆದರೆ ಹಾರುವ ಹಕ್ಕಿ ಓರೆಯಾಗಿಯೂ ನೋಡೀತು, ಆಗ ಮನೆಯ ಮಾಡಿನೊಡನೆ ಗೋಡೆಯೂ ಅದರ ಕಣ್ಣಿಗೆ ಬೀಳುತ್ತದೆ. ಇಲ್ಲಿ ವಿವಕ್ಷಿತವಾದದ್ದು ನೆತ್ತಿಯ ಮೇಲಿನಿಂದ ನೆಟ್ಟಗೆ ಕೆಳಕ್ಕೆ ಹಾಯುವ ನೋಟ ಮಾತ್ರ.

ಇಂದು ಪಾಠಶಾಲೆಗಳಿಗೆ ಕಂಪ್ಯೂಟರುಗಳು ಬಂದಿವೆ. ಚಿತ್ರವೊಂದನ್ನು ಪರದೆಯ ಮೇಲೆ ಗೊತ್ತಾದ ದಾರಿಯಲ್ಲಿ ಚಲಿಸುವಂತೆ ಮಾಡುವ ಸೌಲಭ್ಯ ಸಾಮಾನ್ಯವಾದ ಸ್ಲೈಡ್ ತಂತ್ರಾಂಶಗಳಲ್ಲಿಯೇ ದೊರೆಯುತ್ತದೆ. ಇದಕ್ಕೆ ಚಲನಪಥದ ಅನಿಮೇಷನ್ ಎಂದು ಹೆಸರು. ಅನಿಮೇಷನ್ ಪ್ರಕಾರಗಳಲ್ಲಿ ಇದು ಅತ್ಯಂತ ಸರಳವಾದುದು. ವಸ್ತುವಿನ ಕೈಕಾಲುಗಳು ಆಡುವುದಿಲ್ಲ, ಮುಖಭಾವ ಬದಲಾಗುವುದಿಲ್ಲ. ವಸ್ತು ಇದ್ದ ರೂಪದಲ್ಲಿಯೇ ಒಂದು ಗೆರೆಯನ್ನು ಅನುಸರಿಸಿ ಸಾಗುತ್ತದೆ. ಹೀಗೆ ಸರಳವಾಗಿದ್ದರೂ ಅದಕ್ಕೆ ಒದಗುವ ಚಿತ್ರವನ್ನು ಬರೆಯುವಲ್ಲಿ ಕೆಲವು ನಿಯಮಗಳಿವೆ. ಅವುಗಳನ್ನರಿಯದೆ ಬರೆದರೆ ಬಂಡಿ ಮನೆಯ ಗೋಡೆ ಹತ್ತುತ್ತದೆ, ರೈಲು ಅಡ್ಡಡ್ಡಲಾಗಿ ಜಾರುತ್ತದೆ, ನೆರಳು ಸೂರ್ಯನ ಸುತ್ತ ತಿರುಗುತ್ತದೆ. ಈ ನಿಯಮಗಳನ್ನು ಒಂದು ನಿಜವಾದ ದಾರಿಯ ದೃಷ್ಟಾಂತದೊಡನೆ ವಿವರಿಸುವುದು ಈ ಲೇಖನದ ಉದ್ದೇಶ.

ಪರಂಪರೆಯಲ್ಲಿ ಮೇಲ್ನೋಟ

ಮೇಲಿನಿಂದ ನೋಡಿ, ಗೆರೆಯ ಮೇಲೆ ವಸ್ತುವನ್ನು ನಡೆಸುವ ಕಲ್ಪನೆ ನಮ್ಮ ಜನಕ್ಕೆ ಹೊಸತಲ್ಲ. ಚೌಕಾಬಾರದ ಮನೆಯನ್ನೇ ನೋಡಬಹುದು. ಐದೈದರಂತೆ ಇಪ್ಪತ್ತೈದು ಚೌಕಗಳನ್ನು ನೆಲದ ಮೇಲೆ ಗೀಚಿ, ಕಾಯಿಗಳನ್ನು ಮೊದಲು ಹೊರಸುತ್ತಿನಲ್ಲಿ ಅಪ್ರದಕ್ಷಿಣವಾಗಿ, ಅನಂತರ ಒಳಸುತ್ತಿನಲ್ಲಿ ಪ್ರದಕ್ಷಿಣವಾಗಿ ನಡೆಸಿ ನಡುಮನೆಗೆ ಸೇರಿಸುತ್ತಾರೆ. ಆಡುವವರ ಕಣ್ಣು ಮನೆಯ ಮೇಲೆ ಇದೆ. ಕಾಯಿಗೆ ಗೊತ್ತಾದ ಪಥವಿದೆ. ಪಥದ ಗೆರೆ ಎಲ್ಲಿಯೂ ಬರೆದಿಲ್ಲದಿದ್ದರೂ ಆಡುವ ಮಗುವಿಗೆ ಅದು ಸ್ಪಷ್ಟವಾಗಿದೆ. ಬಾಗಿಲ ಮುಂದಿನ ರಂಗೋಲಿಯಲ್ಲಿಯೂ ಚುಕ್ಕಿಗಳನ್ನಿಟ್ಟುಕೊಂಡು ಅವುಗಳ ಸುತ್ತ ಎಳೆಯನ್ನು ನಡೆಸುವ ಕೈ ಒಂದು ಪಥವನ್ನೇ ಅನುಸರಿಸುತ್ತದೆ.

ಸಾಹಿತ್ಯದಲ್ಲಿ ಇದೇ ಕಲ್ಪನೆ ಚಿತ್ರಕಾವ್ಯದ ಬಂಧಗಳಾಗಿ ಬೆಳೆಯಿತು. ಒಂಬತ್ತನೆಯ ಶತಮಾನದ ಆಲಂಕಾರಿಕನಾದ ರುದ್ರಟನ ಕಾವ್ಯಾಲಂಕಾರದಲ್ಲಿ ತುರಗಪದಬಂಧದ ಲಕ್ಷ್ಯವಿದೆ. ಅನುಷ್ಟುಪ್ ಶ್ಲೋಕದ ನಾಲ್ಕು ಪಾದಗಳ ಎಂಟೆಂಟು ಅಕ್ಷರಗಳನ್ನು ಚದುರಂಗದ ಅರ್ಧ ಹಲಗೆಯ ಮೂವತ್ತೆರಡು ಮನೆಗಳಲ್ಲಿ ಇಟ್ಟು, ಕುದುರೆಯ ನಡೆಯಲ್ಲಿ ಓದಿದರೂ ಪದ್ಯ ಸಿದ್ಧಿಸಬೇಕು. ಯಾವ ಮನೆಯನ್ನೂ ಎರಡು ಸಲ ಮೆಟ್ಟಬಾರದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯ ಇಂಥ ಸಂಚಾರಗಳನ್ನು ರಚಿಸುವುದರಲ್ಲಿ ವಿಶೇಷ ಆಸಕ್ತಿ ತಳೆದಿದ್ದರು. ಕನ್ನಡದ ಸಿರಿಭೂವಲಯದ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲದಿದ್ದರೂ ಅದರ ರಚನೆಯ ವೈಚಿತ್ರ್ಯ ಸರ್ವವಿದಿತವಾದುದು: ಇಪ್ಪತ್ತೇಳು ಅಡ್ಡಸಾಲು, ಇಪ್ಪತ್ತೇಳು ಉದ್ದಸಾಲು ಸೇರಿ 729 ಮನೆಗಳ ಚಕ್ರದಲ್ಲಿ ಅಂಕಿಗಳನ್ನು ತುಂಬಿ, ಗೊತ್ತಾದ ಬಂಧದ ದಾರಿಯಲ್ಲಿ ಕಣ್ಣು ನಡೆಸಿದಾಗ ಮಾತ್ರ ಅಕ್ಷರಗಳು ಹೊರಡುತ್ತವೆ.

ಈ ಮೂರರಿಂದಲೂ ಒಂದೇ ತತ್ತ್ವ ಲಭಿಸುತ್ತದೆ. ಮನೆಗಳು ನಿಶ್ಚಲ, ದಾರಿ ನಿಯತ, ಚಲಿಸುವುದು ಒಂದೇ. ನೆಲ, ಪಥ, ಪಥಿಕ ಎಂಬ ಈ ಮೂರನ್ನು ಬೇರೆಬೇರೆಯಾಗಿ ಮನಸ್ಸಿನಲ್ಲಿ ಇಟ್ಟುಕೊಂಡವನಿಗೆ ಪರದೆಯ ಮೇಲಿನ ಅನಿಮೇಷನ್ ಕಷ್ಟವಾಗಲಾರದು.

ದೃಷ್ಟಾಂತಕ್ಕೆ ಆಯ್ದ ದಾರಿ

ದೃಷ್ಟಾಂತಕ್ಕಾಗಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲುದಾರಿಯನ್ನು ತೆಗೆದುಕೊಳ್ಳಬಹುದು. ಮೈಸೂರಿನ ಕಮಿಷನರಾಗಿದ್ದ ಬೌರಿಂಗರ ಹೆಸರಿನಿಂದ ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆ, ಬೆಂಗಳೂರು–ಜೋಲಾರಪೇಟೆ ಮಾರ್ಗದ ಮೇಲಿನ ಜಂಕ್ಷನ್. ಕೋಲಾರದ ಚಿನ್ನದ ಗಣಿಗಳಲ್ಲಿ 1880ರಲ್ಲಿ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆ ಕೆಲಸ ಕೈಗೊಂಡು, ಗಣಿಗಳು ಬಲಿತ ಮೇಲೆ, 1894ರಲ್ಲಿ ಈ ಕವಲುದಾರಿ ತೆರೆಯಿತು. ಇದರ ಉದ್ದ ಹತ್ತು ಮೈಲಿ, ಎಂದರೆ ಸುಮಾರು 16 ಕಿಲೋಮೀಟರ್. ಬಂಗಾರಪೇಟೆಯನ್ನು ಬಿಟ್ಟ ಬಂಡಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಕ್ರಮವಾಗಿ ದಾಟಿ ಮಾರಿಕುಪ್ಪಂನಲ್ಲಿ ನಿಲ್ಲುತ್ತದೆ. ಸ್ಥೂಲವಾಗಿ ಹೇಳುವುದಾದರೆ ದಾರಿ ಮೊದಲು ಪೂರ್ವಕ್ಕೆ ಸಾಗಿ, ಅನಂತರ ದಕ್ಷಿಣಕ್ಕೆ ತಿರುಗುತ್ತದೆ. ಚಿನ್ನದ ಅದಿರಿನ ಪಟ್ಟಿ ಉತ್ತರ–ದಕ್ಷಿಣವಾಗಿ ಹಬ್ಬಿರುವುದರಿಂದ ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್, ಮೈಸೂರು ಎಂಬ ಗಣಿಗಳೂ ಅದೇ ಓಳಿಯಲ್ಲಿ ನಿಂತವು. ದಾರಿಯೂ ಅವುಗಳನ್ನು ಹಿಡಿದು ನಡೆಯಿತು.

ಪಾಠಕ್ಕೆ ಈ ದಾರಿ ಹಲವು ಕಾರಣಗಳಿಂದ ಅನುಕೂಲ. ದಾರಿ ಚಿಕ್ಕದು, ತಿರುವು ಒಂದೇ ಮುಖ್ಯ, ನಿಲ್ದಾಣಗಳು ಕೆಲವೇ. ಮೇಲಾಗಿ ಇದು ಸತ್ತ ದಾರಿಯಲ್ಲ. ಗಣಿಗಳು ಮುಚ್ಚಿದ ಮೇಲೂ ಕೆ.ಜಿ.ಎಫ್.ನ ಸಹಸ್ರಾರು ಮಂದಿ ದಿನವೂ ಬೆಳಗ್ಗೆ ಕೆಲಸಕ್ಕಾಗಿ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ರಾತ್ರಿ ಹಿಂದಿರುಗುತ್ತಾರೆ.

ಮೊದಲು ಪಥ, ಅನಂತರ ಚಿತ್ರ

ಬಹುಮಂದಿ ಮೊದಲು ಅಂದವಾದ ರೈಲನ್ನು ಬರೆದು, ಆಮೇಲೆ ಅದನ್ನು ಓಡಿಸಲು ದಾರಿ ಹುಡುಕುತ್ತಾರೆ. ಇದು ಕ್ರಮವಲ್ಲ. ಪಥವನ್ನು ಮೊದಲು ನಿರ್ಣಯಿಸಬೇಕು. ಕಂಪ್ಯೂಟರಿನ ಮುಂದೆ ಕೂರುವ ಮುನ್ನ ಒಂದು ದೊಡ್ಡ ಕಾಗದದ ಮೇಲೆ ದಾರಿಯನ್ನು ಪೆನ್ಸಿಲಿನಿಂದ ಗೆರೆಯೆಳೆದು, ರಟ್ಟಿನಲ್ಲಿ ಕತ್ತರಿಸಿದ ಪುಟ್ಟ ಬಂಡಿಯನ್ನು ಬೆರಳಿನಿಂದ ಅದರ ಮೇಲೆ ತಳ್ಳಿ ನೋಡುವುದು ಉತ್ತಮ. ಎಲ್ಲಿ ಬಂಡಿ ಗೆರೆಯನ್ನು ಬಿಟ್ಟು ಹೊರಬೀಳುತ್ತದೆ, ಎಲ್ಲಿ ಅದರ ಮೂತಿಯನ್ನು ತಿರುಗಿಸಬೇಕಾಗುತ್ತದೆ ಎಂಬುದು ಬೆರಳಿಗೇ ತಿಳಿಯುತ್ತದೆ. ಪರದೆಯ ಮೇಲೆ ಎದುರಾಗುವ ತೊಡಕುಗಳಲ್ಲಿ ಮುಕ್ಕಾಲು ಪಾಲು ಇಲ್ಲಿಯೇ ಕಂಡುಬರುತ್ತವೆ.

ಪಥವನ್ನು ಎಳೆಯುವಾಗ ಬಿಂದುಗಳು ಆದಷ್ಟು ಕಡಿಮೆಯಿರಬೇಕು. ಕೈಬಿಟ್ಟು ಎಳೆದ ಗೆರೆಯಲ್ಲಿ ನೂರಾರು ಸಣ್ಣ ಬಾಗುಗಳು ಸೇರಿಕೊಂಡು ಬಂಡಿ ನಡುಗುತ್ತ ಹೋಗುತ್ತದೆ. ಒಂದು ಸರಳರೇಖೆ, ಒಂದು ವೃತ್ತಖಂಡ, ಮತ್ತೊಂದು ಸರಳರೇಖೆ, ಇಷ್ಟರಿಂದ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ದಾರಿಯ ಸ್ಥೂಲರೂಪ ಸಿದ್ಧವಾಗುತ್ತದೆ. ಬೀದಿಯಲ್ಲಿ ನಡೆಯುವ ಮನುಷ್ಯ ಮೂಲೆಯಲ್ಲಿ ಥಟ್ಟನೆ ತಿರುಗಿಯಾನು. ರೈಲಿಗೆ ಮೂಲೆಯೆಂಬುದಿಲ್ಲ, ಬಾಗು ಮಾತ್ರ ಉಂಟು. ಚಲಿಸುವ ವಸ್ತುವಿನ ಸ್ವಭಾವಕ್ಕೆ ತಕ್ಕಂತೆ ಪಥದ ಸ್ವಭಾವವಿರಬೇಕೆಂಬ ಔಚಿತ್ಯ ಇಲ್ಲಿ ಮುಖ್ಯ.

ಪಥ ನಿಶ್ಚಯವಾದ ಮೇಲೆ ನೆಲದ ಚಿತ್ರವನ್ನು ಬರೆಯಬೇಕು. ಮಕ್ಕಳು ತಮ್ಮ ಊರನ್ನು ಬರೆಯುವಾಗ ರಸ್ತೆಯನ್ನು ಮೇಲಿನಿಂದ ಕಂಡಂತೆಯೂ ರಸ್ತೆಯ ಬದಿಯ ಮನೆಗಳನ್ನು ಎದುರಿನಿಂದ ಕಂಡಂತೆಯೂ ಬರೆಯುತ್ತಾರೆ. ಹಳೆಯ ಚಿತ್ರಪಟಗಳಲ್ಲಿಯೂ ಈ ಬೆರಕೆಯುಂಟು. ನಿಶ್ಚಲವಾದ ಚಿತ್ರದಲ್ಲಿ ಅದು ದೋಷವಲ್ಲ, ಸೊಗಸೇ ಹೌದು. ಆದರೆ ಅದೇ ಚಿತ್ರದ ಮೇಲೆ ಬಂಡಿಯನ್ನು ನಡೆಸಿದೊಡನೆ ನೋಡುವವರ ಕಣ್ಣಿಗೆ ಎರಡು ಲೋಕಗಳು ಘರ್ಷಿಸುತ್ತವೆ. ದಕ್ಷಿಣಕ್ಕೆ ಹೋಗುವ ರೈಲು ಮನೆಯ ಬಾಗಿಲ ಮುಂದೆ ಕೆಳಕ್ಕೆ ಬಿದ್ದಂತೆ ತೋರುತ್ತದೆ. ಆದುದರಿಂದ ಒಂದೋ ಎಲ್ಲವೂ ಮೇಲಿನಿಂದ, ಇಲ್ಲವೆ ಯಾವುದೂ ಅಲ್ಲ. ಮನೆಯೆಂದರೆ ಮಾಡು, ಮರವೆಂದರೆ ಎಲೆಗಳ ಗುಂಡು ಗುಚ್ಛ, ಬಾವಿಯೆಂದರೆ ವರ್ತುಲ, ಕೆರೆಯೆಂದರೆ ದಂಡೆಯ ಗೆರೆಯೊಳಗಿನ ನೀಲಿ. ಊರಿಗಾಂ ಸುತ್ತಿನ ಸೈನೈಡ್ ದಿಬ್ಬಗಳನ್ನು ಬರೆಯುವುದಾದರೆ ಅವುಗಳ ಎತ್ತರವನ್ನು ತೋರಿಸಲು ಆಗದು. ಮಾಸಲು ಬಿಳಿಯ ಅಗಲವಾದ ತಟ್ಟು, ಅದರ ಅಂಚಿನಲ್ಲಿ ಮಳೆನೀರು ಕೊರೆದ ಸೀಳುಗಳು, ಇಳಿಜಾರಿನತ್ತ ಎಳೆದ ಸಣ್ಣ ಗೀರುಗಳು, ಇವುಗಳಿಂದಲೇ ದಿಬ್ಬವೆಂದು ಸೂಚಿಸಬೇಕು.

ಅಳತೆ ಮತ್ತು ಸಂಕೇತ

ಸಾಮಾನ್ಯ ಅಗಲ ಸ್ಲೈಡಿನ ಅಳತೆ 33.87 ಸೆಂಟಿಮೀಟರ್ ಅಗಲ, 19.05 ಸೆಂಟಿಮೀಟರ್ ಎತ್ತರ. ಸರ್ವೆ ಆಫ್ ಇಂಡಿಯಾದ ಸ್ಥಳವಿವರ ನಕ್ಷೆಗಳಲ್ಲಿ ಪ್ರಸಿದ್ಧವಾಗಿರುವ ಪ್ರಮಾಣ 50,000ಕ್ಕೆ 1. ಎಂದರೆ ನೆಲದ ಅರ್ಧ ಕಿಲೋಮೀಟರಿಗೆ ಚಿತ್ರದಲ್ಲಿ 1 ಸೆಂಟಿಮೀಟರ್. ಈ ಪ್ರಮಾಣವನ್ನೇ ಹಿಡಿದರೆ 16 ಕಿಲೋಮೀಟರ್ ದಾರಿ 32 ಸೆಂಟಿಮೀಟರ್ ಆಗುತ್ತದೆ. ದಾರಿ ನಡುವೆ ತಿರುಗುವುದರಿಂದ ಸ್ಲೈಡಿನ ಚೌಕಟ್ಟಿನಲ್ಲಿ ಸುಖವಾಗಿ ಅಡಕವಾಗುತ್ತದೆ. ಹೀಗೆ ಲೆಕ್ಕವಿಟ್ಟು ಬರೆದ ಚಿತ್ರದ ಮೇಲೆ ವಿದ್ಯಾರ್ಥಿ ಅಳತೆಪಟ್ಟಿಯನ್ನಿಟ್ಟು ದೂರವನ್ನು ತಾನೇ ಕಂಡುಕೊಳ್ಳಬಲ್ಲ.

ಆದರೆ ಇದೇ ಪ್ರಮಾಣದಲ್ಲಿ ರೈಲನ್ನು ಬರೆಯಲು ಹೊರಟರೆ ಏನಾಗುತ್ತದೆ? ಒಂದು ಬೋಗಿಯ ಉದ್ದ 20 ಮೀಟರಿಗಿಂತ ತುಸು ಹೆಚ್ಚು. ಅದು ಚಿತ್ರದಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆಯಾಗುತ್ತದೆ. ಹಳಿಗಳ ನಡುವಿನ 1.676 ಮೀಟರ್ ಅಂತರವಂತೂ ಕೂದಲೆಳೆಯಷ್ಟೂ ಉಳಿಯುವುದಿಲ್ಲ. ಆದುದರಿಂದ ನೆಲವನ್ನು ಪ್ರಮಾಣಬದ್ಧವಾಗಿಯೂ ಬಂಡಿಯನ್ನು ಸಂಕೇತವಾಗಿಯೂ ಬರೆಯಬೇಕಾಗುತ್ತದೆ. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳಿದರೆ ನೆಲ ವಾಚ್ಯ, ಬಂಡಿ ಲಕ್ಷ್ಯ. ಎರಡನ್ನೂ ವಾಚ್ಯವೆಂದು ಮಕ್ಕಳು ತಿಳಿಯದಂತೆ 'ಬಂಡಿಯ ಗಾತ್ರ ಅಳತೆಗೆ ಅನುಗುಣವಾಗಿಲ್ಲ' ಎಂದು ಮೂಲೆಯಲ್ಲಿ ಬರೆಯುವುದು ಪ್ರಾಮಾಣಿಕತೆ.

ಚಲಿಸುವ ವಸ್ತುವಿನ ರಚನೆ

ಚಲಿಸುವ ವಸ್ತುವನ್ನು ನೆಲದ ಚಿತ್ರದೊಡನೆ ಸೇರಿಸದೆ, ಹಿನ್ನೆಲೆಯಿಲ್ಲದ ಪ್ರತ್ಯೇಕ ಚಿತ್ರವಾಗಿ ರಚಿಸಬೇಕು. ಅದರಲ್ಲಿ ನಾಲ್ಕು ಸಂಗತಿಗಳನ್ನು ಗಮನಿಸಬೇಕಾಗುತ್ತದೆ.

ಮೊದಲನೆಯದು ಗುರುತು. ಮೇಲಿನಿಂದ ನೋಡಿದಾಗ ವಸ್ತುಗಳು ತಮ್ಮ ಪರಿಚಿತ ಮುಖವನ್ನು ಕಳೆದುಕೊಳ್ಳುತ್ತವೆ. ಬಸ್ಸಿನ ಹೆಸರುಹಲಗೆ ಕಾಣದು; ರೈಲುಬೋಗಿಯ ಬದಿಯ ಬಣ್ಣವೂ ಕಾಣದು, ಮಾಸಲು ಮಾಡು ಮಾತ್ರ ಕಾಣುತ್ತದೆ. ಮನುಷ್ಯನೆಂದರೆ ಒಂದು ತಲೆ, ಎರಡು ಭುಜ. ಎತ್ತಿನ ಗಾಡಿಯಾದರೆ ನೊಗ, ಎರಡು ಜೊತೆ ಕೊಂಬು, ಎರಡು ಬೆನ್ನು ಸ್ಪಷ್ಟವಾಗಿ ಕಾಣುವುದರಿಂದ ಮೇಲ್ನೋಟದಲ್ಲಿ ಅದಕ್ಕಿಂತ ಸುಲಭವಾಗಿ ಗುರುತು ಹತ್ತುವ ವಾಹನ ಮತ್ತೊಂದಿಲ್ಲ. ರೈಲಿಗೆ ಈ ಭಾಗ್ಯವಿಲ್ಲ. ಬೋಗಿಗಳ ಸಾಲು, ಅವುಗಳ ನಡುವಣ ಬೆಸುಗೆಯ ಕಿರಿದಾದ ಸಂದು, ಮಾಡಿನ ಮೇಲಿನ ಗಾಳಿಗಿಂಡಿಗಳ ಓಳಿ, ಎಂಜಿನ್ನಿನ ಮೂತಿ, ಇವುಗಳಿಂದ ರೈಲೆಂಬ ಜ್ಞಾನ ಹುಟ್ಟಬೇಕು. ನೆಲದ ಬಣ್ಣಗಳು ಮಂದವಾಗಿದ್ದು ಚಲಿಸುವುದರ ಬಣ್ಣ ಎದ್ದು ಕಾಣುವಂತಿದ್ದರೆ ಕಣ್ಣಿಗೆ ಹುಡುಕುವ ಶ್ರಮ ತಪ್ಪುತ್ತದೆ.

ಎರಡನೆಯದು ಮುಖ. ವಸ್ತುವಿನ ಮುಂದು ಯಾವುದು, ಹಿಂದು ಯಾವುದು ಎಂಬುದು ನಿಂತಾಗಲೂ ತಿಳಿಯುವಂತಿರಬೇಕು. ಬರೆಯುವಾಗ ಅದರ ಮುಖ ಚಿತ್ರದ ಬಲಕ್ಕೆ ಇರಬೇಕೆಂಬುದು ಕಂಪ್ಯೂಟರಿನ ಸಂಪ್ರದಾಯ. ಮಕ್ಕಳು ಬಳಸುವ ಸ್ಕ್ರ್ಯಾಚ್ ತಂತ್ರಾಂಶದಲ್ಲಿಯೂ, ಜಾಲಪುಟಗಳಿಗೆ ಒದಗುವ ಎಸ್‌ವಿಜಿ ಚಿತ್ರಗಳಲ್ಲಿಯೂ ಬಲಮುಖವನ್ನೇ ಸಹಜ ಸ್ಥಿತಿಯೆಂದು ಎಣಿಸಿ ಉಳಿದ ದಿಕ್ಕುಗಳನ್ನು ಲೆಕ್ಕ ಹಾಕುತ್ತಾರೆ. ಉತ್ತರವನ್ನು ಮೇಲಿಟ್ಟ ನಕ್ಷೆಯಲ್ಲಿ ಬಲವೆಂದರೆ ಪೂರ್ವ. ಹೀಗಾಗಿ 'ಪಥಿಕನನ್ನು ಪೂರ್ವಾಭಿಮುಖವಾಗಿ ಬರೆ' ಎಂಬ ಸೂತ್ರವನ್ನು ನೆನಪಿಟ್ಟರೆ ಸಾಕು. ಬಂಗಾರಪೇಟೆಯಿಂದ ಹೊರಡುವ ಬಂಡಿಯೂ ಪೂರ್ವಕ್ಕೇ ಹೊರಡುವುದು ಇಲ್ಲಿ ಒದಗಿದ ಅನುಕೂಲ.

ಮೂರನೆಯದು ನಡು. ತಂತ್ರಾಂಶ ಪಥದ ಮೇಲೆ ನಡೆಸುವುದು ಚಿತ್ರದ ನಡುವಣ ಬಿಂದುವನ್ನು. ಚಿತ್ರದ ಒಂದು ಬದಿಯಲ್ಲಿ ಹೆಚ್ಚು ಖಾಲಿ ಜಾಗ ಉಳಿದಿದ್ದರೆ, ಇಲ್ಲವೆ ಎಂಜಿನ್ನಿನ ಹಿಂದೆ ಉದ್ದವಾದ ಹೊಗೆಯನ್ನು ಅದೇ ಚಿತ್ರದಲ್ಲಿ ಬರೆದಿದ್ದರೆ, ನಡು ಸರಿದು ಬಂಡಿ ಹಳಿಯ ಪಕ್ಕದಲ್ಲಿ ಓಡುತ್ತದೆ, ತಿರುವಿನಲ್ಲಿ ತೂರಾಡುತ್ತದೆ. ಸುತ್ತಲ ಖಾಲಿ ಅಂಚನ್ನು ಕತ್ತರಿಸಿ, ನಾಲ್ಕು ಕಡೆಯೂ ಸಮವಾಗಿಸುವುದೇ ಇದಕ್ಕೆ ಪರಿಹಾರ.

ನಾಲ್ಕನೆಯದು ಉದ್ದ. ಇಡೀ ರೈಲನ್ನು ಒಂದೇ ಉದ್ದನೆಯ ಚಿತ್ರವಾಗಿ ಬರೆದರೆ ಅದು ಬಾಗಲಾರದು. ತಿರುವಿನಲ್ಲಿ ಅದರ ಎರಡೂ ತುದಿಗಳು ಹಳಿಯನ್ನು ಬಿಟ್ಟು ಹೊಲಗಳಿಗೆ ಚಾಚಿಕೊಳ್ಳುತ್ತವೆ. ಎಂಜಿನ್ ಒಂದು, ಬೋಗಿ ಒಂದೊಂದು ಎಂದು ಬಿಡಿಬಿಡಿಯಾಗಿ ಬರೆದು, ಎಲ್ಲಕ್ಕೂ ಒಂದೇ ಪಥವನ್ನು ಕೊಟ್ಟು, ಒಂದರ ಹಿಂದೆ ಒಂದು ಸ್ವಲ್ಪ ತಡವಾಗಿ ಹೊರಡಿಸಬೇಕು. 32 ಸೆಂಟಿಮೀಟರ್ ಪಥವನ್ನು 16 ಸೆಕೆಂಡಿನಲ್ಲಿ ಕ್ರಮಿಸುವ ಬಂಡಿಯ ವೇಗ ಸೆಕೆಂಡಿಗೆ 2 ಸೆಂಟಿಮೀಟರ್. ಪ್ರತಿಯೊಂದು ಬೋಗಿಯೂ 1 ಸೆಂಟಿಮೀಟರ್ ಉದ್ದವಿದ್ದು ನಡುವೆ 2 ಮಿಲಿಮೀಟರ್ ಸಂದು ಬೇಕೆಂದರೆ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 1.2 ಸೆಂಟಿಮೀಟರ್, ಆ ದೂರಕ್ಕೆ ಹಿಡಿಯುವ ಕಾಲ 0.6 ಸೆಕೆಂಡ್. ಹಾಗಾಗಿ ಎಂಜಿನ್ ಹೊರಟ 0.6 ಸೆಕೆಂಡಿನ ಮೇಲೆ ಮೊದಲ ಬೋಗಿ, 1.2 ಸೆಕೆಂಡಿನ ಮೇಲೆ ಎರಡನೆಯದು, 1.8 ಸೆಕೆಂಡಿನ ಮೇಲೆ ಮೂರನೆಯದು ಹೊರಡಬೇಕು. ಆರಂಭದಲ್ಲಿ ನಿಧಾನ, ನಡುವೆ ವೇಗ ಎಂಬ ಏರಿಳಿತವನ್ನು ತಂತ್ರಾಂಶ ತಾನಾಗಿಯೇ ಸೇರಿಸಿದ್ದರೆ ಅದನ್ನು ತೆಗೆದುಹಾಕಬೇಕು. ಇಲ್ಲವಾದರೆ ಹೊರಡುವಾಗ ಬೋಗಿಗಳು ಒಂದರ ಮೇಲೊಂದು ಏರಿಕೊಳ್ಳುತ್ತವೆ.

ತಿರುವು

ಪವರ್‌ಪಾಯಿಂಟ್ ತಂತ್ರಾಂಶದ ಚಲನಪಥಕ್ಕೆ ಒಂದು ನ್ಯೂನತೆಯುಂಟು. ಅದು ವಸ್ತುವನ್ನು ದಾರಿಯ ಮೇಲೆ ಒಯ್ಯುತ್ತದೆಯೇ ಹೊರತು ದಾರಿ ತಿರುಗಿದೆಡೆ ವಸ್ತುವಿನ ಮೂತಿಯನ್ನು ತಿರುಗಿಸುವುದಿಲ್ಲ. ಪೂರ್ವಕ್ಕೆ ಮುಖಮಾಡಿ ಹೊರಟ ರೈಲು ದಕ್ಷಿಣಕ್ಕೆ ಸಾಗುವಾಗಲೂ ಪೂರ್ವಕ್ಕೇ ಮುಖಮಾಡಿ, ಏಡಿಯಂತೆ ಅಡ್ಡಡ್ಡಲಾಗಿ ಚಲಿಸುತ್ತದೆ. ಎಸ್‌ವಿಜಿಯಲ್ಲಾದರೆ ಪಥಾನುಸಾರವಾಗಿ ತಿರುಗು ಎಂದು ಒಂದು ಆಜ್ಞೆ ಕೊಟ್ಟರೆ ಸಾಕು. ಸ್ಲೈಡಿನಲ್ಲಿ ಆ ಕೆಲಸವನ್ನು ಕೈಯಾರೆ ಮಾಡಬೇಕು. ಚಲನೆಯ ಜೊತೆಗೆ ಭ್ರಮಣದ ಅನಿಮೇಷನ್ನನ್ನೂ ಅದೇ ವಸ್ತುವಿಗೆ ಜೋಡಿಸಬೇಕು.

ಪೂರ್ವದಿಂದ ದಕ್ಷಿಣಕ್ಕೆ ತಿರುಗುವುದೆಂದರೆ ಪ್ರದಕ್ಷಿಣವಾಗಿ 90 ಡಿಗ್ರಿ. ತಿರುವು ಪಥದ 14ನೆಯ ಸೆಂಟಿಮೀಟರಿನಲ್ಲಿ ಆರಂಭವಾಗಿ 4 ಸೆಂಟಿಮೀಟರ್ ಉದ್ದವಿದೆ ಎಂದಿಟ್ಟುಕೊಂಡರೆ, ಮೇಲೆ ಹೇಳಿದ ವೇಗದಲ್ಲಿ ಎಂಜಿನ್ 7ನೆಯ ಸೆಕೆಂಡಿಗೆ ಅಲ್ಲಿಗೆ ಮುಟ್ಟಿ 9ನೆಯ ಸೆಕೆಂಡಿಗೆ ದಾಟುತ್ತದೆ. ಆದುದರಿಂದ ಭ್ರಮಣ 7ನೆಯ ಸೆಕೆಂಡಿಗೆ ಆರಂಭವಾಗಿ 2 ಸೆಕೆಂಡ್ ನಡೆಯಬೇಕು. ಮೊದಲ ಬೋಗಿಗೆ ಅದು 7.6ಕ್ಕೆ, ಎರಡನೆಯದಕ್ಕೆ 8.2ಕ್ಕೆ. ಭ್ರಮಣ ಏಕರೀತಿಯದಾದ್ದರಿಂದ ಬಾಗೂ ಏಕರೀತಿಯದಾಗಿ, ಎಂದರೆ ವೃತ್ತಖಂಡವಾಗಿ ಇದ್ದರೆ ಮಾತ್ರ ಎರಡೂ ಹೊಂದುತ್ತವೆ. ಕಾಲು ವೃತ್ತದ ಉದ್ದ 4 ಸೆಂಟಿಮೀಟರ್ ಆಗಬೇಕಾದರೆ ತ್ರಿಜ್ಯ ಸುಮಾರು 2.5 ಸೆಂಟಿಮೀಟರ್ ಇರಬೇಕು. ಗಣಿತದ ಉಪಾಧ್ಯಾಯರಿಗೆ ಇಲ್ಲಿ ವೃತ್ತದ ಪರಿಧಿಯ ಪಾಠವೂ ದೊರೆಯಿತು.

ಪದರಗಳು ಮತ್ತು ನೆರಳು

ಮೇಲಿನಿಂದ ನೋಡುವವನಿಗೆ ಎತ್ತರದಲ್ಲಿರುವುದು ತಗ್ಗಿನಲ್ಲಿರುವುದನ್ನು ಮರೆಮಾಡುತ್ತದೆ. ಚಿತ್ರದ ಪದರಗಳೂ ಇದೇ ಕ್ರಮದಲ್ಲಿರಬೇಕು: ಎಲ್ಲಕ್ಕೂ ಕೆಳಗೆ ನೆಲ, ಅದರ ಮೇಲೆ ಹಳಿ, ಹಳಿಯ ಮೇಲೆ ಬಂಡಿ, ಬಂಡಿಯ ಮೇಲೆ ಮೇಲ್ಸೇತುವೆ ಮತ್ತು ನಿಲ್ದಾಣದ ಮಾಡು. ಈ ಕ್ರಮದಿಂದ ಒಂದು ಲಾಭವುಂಟು. ಒಂದೇ ಪಥದ ಆರಂಭಬಿಂದುವಿನಲ್ಲಿ ಎಂಜಿನ್ನೂ ಬೋಗಿಗಳೂ ಒಂದರ ಮೇಲೊಂದು ರಾಶಿಯಾಗಿ ಕೂತಿರುತ್ತವೆ. ಬಂಗಾರಪೇಟೆ ನಿಲ್ದಾಣದ ಮಾಡನ್ನು ಅವುಗಳ ಮೇಲೆ ಹೊದಿಸಿದರೆ ಆ ಗೊಂದಲ ಕಾಣುವುದಿಲ್ಲ, ಮಾಡಿನ ಕೆಳಗಿನಿಂದ ಒಂದೊಂದೇ ಬೋಗಿ ಹೊರಬರುತ್ತದೆ. ಮಾರಿಕುಪ್ಪಂನಲ್ಲಿಯೂ ಹೀಗೆಯೇ ಮಾಡಬಹುದು.

ಮೇಲ್ನೋಟದ ಚಿತ್ರ ಚಪ್ಪಟೆಯಾಗಿ ತೋರುವುದರಿಂದ ವಸ್ತುವಿಗೆ ಒಂದು ಬದಿಯಲ್ಲಿ ನೆರಳು ಬರೆಯುವ ಆಸೆಯಾಗುತ್ತದೆ. ನಿಂತ ಮನೆಗಳಿಗೆ ಅದು ಸರಿ. ಆದರೆ ಬಂಡಿಯ ಚಿತ್ರದಲ್ಲಿಯೇ ನೆರಳನ್ನು ಸೇರಿಸಿದರೆ, ಬಂಡಿ ತಿರುಗಿದಾಗ ನೆರಳೂ ತಿರುಗುತ್ತದೆ. ಮನೆಗಳ ನೆರಳು ಒಂದು ಕಡೆ, ರೈಲಿನ ನೆರಳು ಇನ್ನೊಂದು ಕಡೆ ಬೀಳುತ್ತದೆ. ಬಂಡಿ ತಿರುಗಿದ ಮಾತ್ರಕ್ಕೆ ಸೂರ್ಯ ತಿರುಗುವುದಿಲ್ಲ. ಆದುದರಿಂದ ತಿರುಗುವ ವಸ್ತುವಿಗೆ ನೆರಳನ್ನು ಬರೆಯದಿರುವುದೇ ಲೇಸು. ಮಾಡಿನ ಮೇಲೆ ಹೊಳಪು ತೋರಿಸುವುದಾದರೆ ನಡುಗೆರೆಯ ಎರಡು ಬದಿಗೂ ಸಮವಾಗಿ ತೋರಿಸಬೇಕು.

ಮೇಲ್ನೋಟಕ್ಕೆ ನಿಲುಕದ್ದು

ಇಷ್ಟು ನಿಯಮಗಳನ್ನು ಪಾಲಿಸಿದರೆ ಬಂಗಾರಪೇಟೆಯಿಂದ ಹೊರಟ ರೈಲು ಪರದೆಯ ಮೇಲೆ ಹಳಿ ತಪ್ಪದೆ, ಊರಿಗಾಂ ದಾಟಿ, ಮಾರಿಕುಪ್ಪಂ ಸೇರುತ್ತದೆ. ಚಿತ್ರ ನಿರ್ದುಷ್ಟವಾಗಿರುತ್ತದೆ. ಆದರೂ ಅದು ಸತ್ಯದ ಅರ್ಧವನ್ನು ಮಾತ್ರ ಹೇಳುತ್ತದೆ. ರೈಲು ಇಲ್ಲಿಗೇಕೆ ಬಂತು ಎಂಬ ಪ್ರಶ್ನೆಗೆ ಆ ಚಿತ್ರದಲ್ಲಿ ಉತ್ತರವಿಲ್ಲ.

ಊರಿಗಾಂ ಪ್ರದೇಶದ ಹೆಗ್ಗುರುತೆಂದರೆ ಗಣಿಯ ಶಾಫ್ಟಿನ ಮೇಲೆ ನಿಲ್ಲುತ್ತಿದ್ದ ಕಬ್ಬಿಣದ ಗೋಪುರ ಮತ್ತು ಅದರ ತುದಿಯ ದೊಡ್ಡ ಗಾಲಿ. ಎದುರಿನಿಂದ ಅಷ್ಟು ಭವ್ಯವಾಗಿ ಕಾಣುವ ಆ ಗಾಲಿ ಮೇಲಿನಿಂದ ನೋಡಿದರೆ ಒಂದು ಸಣ್ಣ ಗೆರೆ. ಶಾಫ್ಟು ಒಂದು ಕಪ್ಪು ಚುಕ್ಕಿ. ಆ ಚುಕ್ಕಿಯ ಕೆಳಗೆ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಅದೇ ಪ್ರಮಾಣದಲ್ಲಿ ಬರೆದರೆ ಈ ಆಳ 6.4 ಸೆಂಟಿಮೀಟರ್ ಆಗುತ್ತದೆ. ಎಂದರೆ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಸಮಗ್ರ ರೈಲುದಾರಿಯ ಐದನೆಯ ಒಂದು ಭಾಗ. ಅಷ್ಟು ಉದ್ದದ ದಾರಿ ಮೇಲ್ನೋಟದಲ್ಲಿ ಒಂದು ಚುಕ್ಕಿಯಾಗಿ ಮುದುಡಿಕೊಳ್ಳುತ್ತದೆ. ತೊಟ್ಟಿಲಿನಲ್ಲಿ ನಿಂತು ಗಣಿಗಿಳಿದ ಕಾರ್ಮಿಕ ಈ ಚಿತ್ರದಲ್ಲಿ ಒಂದು ಹೆಜ್ಜೆಯನ್ನೂ ಇಟ್ಟವನಲ್ಲ, ಇದ್ದಲ್ಲಿಯೇ ಇದ್ದಾನೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿಯಲ್ಲಿ ಹರಿದು ಬಂದ ವಿದ್ಯುತ್ತಿನ ದಾರಿಯನ್ನು ಮೇಲ್ನೋಟದಲ್ಲಿ ತೋರಿಸುವುದು ಸುಲಭ. 1 ಸೆಂಟಿಮೀಟರಿಗೆ 5 ಕಿಲೋಮೀಟರ್ ಎಂದಿಟ್ಟರೆ ಆ ದಾರಿಯೂ ಒಂದು ಸ್ಲೈಡಿನಲ್ಲಿ ಹಿಡಿಯುತ್ತದೆ. ಆದರೆ ಆ ವಿದ್ಯುತ್ತು ಯಾರಿಗಾಗಿ ಬಂತೋ ಆ ಕೆಲಸದ ಪಥ ಮಾತ್ರ ಕಾಣದು. 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳ ಕುರುಹನ್ನು ವಿಜ್ಞಾನಿಗಳು ಕಂಡುಕೊಂಡದ್ದೂ ಇದೇ ಆಳದ ಕತ್ತಲೆಯಲ್ಲಿ.

ಈ ಕೊರತೆಗೆ ಪರಿಹಾರ ಮೇಲ್ನೋಟವನ್ನು ಬಿಡುವುದಲ್ಲ, ಅದಕ್ಕೊಂದು ಜೊತೆಯನ್ನು ಕೊಡುವುದು. ಗಣಿಯ ಮೋಜಣಿಗಾರರು ಎಂದೂ ಒಂದೇ ನಕ್ಷೆಯನ್ನು ನಂಬಿದವರಲ್ಲ. ಮೇಲಿನಿಂದ ಕಂಡ ನಕ್ಷೆಯೊಂದು, ನೆಲವನ್ನು ಸೀಳಿ ಬದಿಯಿಂದ ಕಂಡ ಛೇದನಕ್ಷೆಯೊಂದು, ಇವೆರಡನ್ನೂ ಕೂಡಿ ಓದುವುದು ಅವರ ವಿದ್ಯೆ. ಪಾಠದಲ್ಲಿಯೂ ಹೀಗೆಯೇ ಆಗಬೇಕು. ಮೊದಲ ಸ್ಲೈಡಿನಲ್ಲಿ ರೈಲು ಊರಿಗಾಂ ಮುಟ್ಟಿ ನಿಂತೊಡನೆ ಶಾಫ್ಟಿನ ಕಪ್ಪು ಚುಕ್ಕಿ ಮಿನುಗಲಿ. ಎರಡನೆಯ ಸ್ಲೈಡಿನಲ್ಲಿ ಅದೇ ಚುಕ್ಕಿ ಒಂದು ನೆಟ್ಟಗಿನ ಗೆರೆಯಾಗಿ ಕೆಳಕ್ಕೆ ತೆರೆದುಕೊಳ್ಳಲಿ. ಅದರಲ್ಲಿ ಒಂದು ಪುಟ್ಟ ತೊಟ್ಟಿಲು ಸರಳರೇಖೆಯ ಪಥದಲ್ಲಿ ಇಳಿಯಲಿ. ಎರಡು ಸ್ಲೈಡುಗಳಿಗೂ ಒಂದೇ ಪ್ರಮಾಣವನ್ನಿಟ್ಟರೆ, ಅಡ್ಡಲಾಗಿ ಓಡಿದ ರೈಲಿನ ದೂರಕ್ಕೂ ಕೆಳಕ್ಕಿಳಿದ ಮನುಷ್ಯನ ದೂರಕ್ಕೂ ಇರುವ ಸಂಬಂಧ ಮಗುವಿನ ಕಣ್ಣಿಗೇ ನಿಲುಕುತ್ತದೆ. ಇಲ್ಲಿ ಭ್ರಮಣ ಬೇಕಿಲ್ಲ, ಬಾಗಿಲ್ಲ, ಪದರಗಳ ತೊಡಕಿಲ್ಲ. ರಚನೆಯಲ್ಲಿ ಅತ್ಯಂತ ಸುಲಭವಾದ ಪಥವೇ ಅರ್ಥದಲ್ಲಿ ಅತ್ಯಂತ ಗಹನವಾದುದು.

ಉಪಸಂಹಾರ

ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸಂಸ್ಥೆಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅನಂತರ ಹುಟ್ಟಿದ ಮಕ್ಕಳು ಗಾಲಿ ತಿರುಗಿದ್ದನ್ನಾಗಲಿ, ತೊಟ್ಟಿಲು ಇಳಿದದ್ದನ್ನಾಗಲಿ ಕಂಡವರಲ್ಲ. ಅವರ ಪಾಲಿಗೆ ಊರಿಗಾಂ ಎಂದರೆ ಬೆಳಗಿನ ರೈಲಿನ ಒಂದು ನಿಲ್ದಾಣ ಮತ್ತು ಗಾಳಿಗೆ ಧೂಳೇಳುವ ಮಾಸಲು ದಿಬ್ಬಗಳು. ಮೇಲ್ನೋಟದ ಚಿತ್ರವನ್ನು ಬರೆಯಲು ಬೇಕಾದ ಸಾಮಗ್ರಿ ಇಂದು ಸುಲಭಸಾಧ್ಯ; ಉಪಗ್ರಹಗಳು ತೆಗೆದ ಚಿತ್ರಗಳಲ್ಲಿ ಹಳಿಯೂ ದಿಬ್ಬವೂ ಮನೆಗಳ ಮಾಡುಗಳೂ ಸ್ಪಷ್ಟವಾಗಿ ಕಾಣುತ್ತವೆ. ಎರಡನೆಯ ಚಿತ್ರಕ್ಕೆ ಅಂಥ ನೆರವಿಲ್ಲ. ಎಷ್ಟನೆಯ ಹಂತದಲ್ಲಿ ತೊಟ್ಟಿಲು ನಿಲ್ಲುತ್ತಿತ್ತು, ಇಳಿಯಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಕೆಳಗೆ ಶೆಕೆ ಎಷ್ಟಿತ್ತು ಎಂಬುದನ್ನು ಗಣಿಗಿಳಿದು ಬಂದ ಹಿರಿಯರೇ ಹೇಳಬೇಕು. ಅವರಿಗೆ ಈಗ ವಯಸ್ಸಾಗಿದೆ.

ಆದುದರಿಂದ ಈ ಪಾಠವನ್ನು ರಚಿಸುವ ಉಪಾಧ್ಯಾಯರು ಕಂಪ್ಯೂಟರಿನ ಮುಂದೆ ಕೂರುವ ಮುನ್ನ ವಿದ್ಯಾರ್ಥಿಗಳನ್ನು ಅಂಥ ಹಿರಿಯರ ಮನೆಗೆ ಕಳುಹಿಸುವುದು ಯೋಗ್ಯ. ಗಣಿಯ ಊರಿನಿಂದ ಬಂದ ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರ ಮಾತುಗಳನ್ನು ಬರೆದಿಟ್ಟು ಒದಗಿಸಿದರೆ ಅದೂ ಶಾಲೆಗೆ ಸಲ್ಲುವ ದಾನವೇ. ಯಂತ್ರವನ್ನು ಹಣ ಕೊಟ್ಟು ತರಬಹುದು, ತಂತ್ರಾಂಶ ಉಚಿತವಾಗಿಯೂ ದೊರೆಯುತ್ತದೆ. ಆ ಆಳದ ಲೆಕ್ಕವನ್ನು ಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.